ಹಕ್ಕು ಬಿಟ್ಟ ಕಾಗದ

ಕಾಗದ ಮೊದಲು, ದುಡ್ಡು ಆಮೇಲೆ. ಚಂದ್ರಮೌಳಿಯ ಕಂತ್ರಾಟಿನಲ್ಲಿ ನಮಗಿದ್ದ ನಿಯಮ ಇದೊಂದೇ.

ಆ ಕಾಗದದ ಹೆಸರು ಲೀನ್ ವೇವರ್. ಈ ದೇಶದ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿದೆ. ಒಬ್ಬರ ಮನೆಗೆ ಕಲ್ಲು ಇಟ್ಟವನಿಗೆ, ಗಾರೆ ಮೆತ್ತಿದವನಿಗೆ, ಕೂಲಿ ಕೈಸೇರುವ ತನಕ ಆ ಮನೆಯ ಮೇಲೆಯೇ ಒಂದು ಹಕ್ಕಿರುತ್ತದೆ. ಯಜಮಾನ ಡಾಕ್ಟರಾಗಲಿ, ಜಡ್ಜಾಗಲಿ, ಅದು ತೀರದೆ ಮನೆ ಪೂರ್ತಿ ಅವನದಾಗುವುದಿಲ್ಲ. ಅದು ಲೀನ್. ಆ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆದುಕೊಡುವುದು ವೇವರ್. ಬ್ಯಾಂಕು ಸಾಲದ ಕಂತು ಬಿಡುವ ಮುನ್ನ ಈ ಕಾಗದ ಕೇಳುತ್ತದೆ. ಕೆಲಸದ ನಡುವೆ ಕೊಡುವುದು ಅಷ್ಟಷ್ಟರ ಹಕ್ಕಿಗೆ. ಕೊನೆಯಲ್ಲಿ ಕೊಡುವುದು ಇಡೀ ಹಕ್ಕಿಗೆ. ಕೊನೆಯದಕ್ಕೆ ಸಹಿ ಬಿದ್ದರೆ ಮುಗಿಯಿತು. ದುಡ್ಡು ಬಂದಿರಲಿ, ಬಾರದಿರಲಿ.

ಈ ಕಾಗದಗಳನ್ನು ಟೈಪ್ ಮಾಡುವವನು ನಾನು. ಉಳಿದ ಹೊತ್ತಿನಲ್ಲಿ ಗಾರೆ ಕಲಸುವವನೂ ನಾನೇ.

ನನ್ನ ಹೆಸರು ಬಾಳಪ್ಪ. ಚಂದ್ರಮೌಳಿ ಅದನ್ನು ಬಾಲು ಮಾಡಿಕೊಂಡಿದ್ದಾನೆ. ರೇವಣಪ್ಪ ಮಾಸ್ತರ ಅನ್ನುತ್ತಾನೆ. ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದೆ. ಒಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದೆ. ಆಮೇಲೆ ಶಿಕಾಗೋಗೆ ಬಂದೆ. ಬಂದದ್ದು ನರ್ಸೊಬ್ಬಳ ಗಂಡನಾಗಿ. ನನ್ನ ಹೆಂಡತಿ ರುದ್ರಮ್ಮ, ರೇವಣಪ್ಪನ ಹೆಂಡತಿ ನೀಲಮ್ಮ, ಇಬ್ಬರೂ ಗದಗಿನ ಕಡೆಯ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿತವರು. ಇಲ್ಲಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದರು. ಗಂಡಂದಿರು ಯಾರಿಗೂ ಬೇಕಾಗಿರಲಿಲ್ಲ. ಅಪ್‌ಟೌನ್ ಬಡಾವಣೆಯ ಒಂದೇ ಕಟ್ಟಡದಲ್ಲಿ ಮೇಲೊಂದು ಕೆಳಗೊಂದು ಮನೆ ಹಿಡಿದೆವು. ಚಳಿಗಾಲದಲ್ಲಿ ಬಿಸಿನೀರಿನ ಕೊಳವೆ ರಾತ್ರಿಯೆಲ್ಲ ಬಡಿದುಕೊಳ್ಳುತ್ತಿತ್ತು.

ರೇವಣಪ್ಪ ಗೌಂಡಿ. ಅವನದು ವಡ್ಡರ ಓಣಿ, ನನ್ನದು ಮಾದರ ಕೇರಿ. ಎರಡೂ ಊರ ಹೊರಗೆ. ಊರಲ್ಲಾಗಿದ್ದರೆ ನಾವಿಬ್ಬರೂ ಒಟ್ಟಿಗೆ ಉಣ್ಣುತ್ತಿರಲಿಲ್ಲ. ಇಲ್ಲಿ ಒಂದೇ ಡಬ್ಬಿಯಲ್ಲಿ ರೊಟ್ಟಿ.

ಮೊದಲು ಗೌಂಡಿಗಳ ಯೂನಿಯನ್ ಹಾಲಿಗೆ ಹೋದೆವು. ಕಾರ್ಡ್ ಇದ್ದವರಿಗೆ ಕೆಲಸ ಅಂದರು. ಕಾರ್ಡ್ ಯಾರಿಗೆ ಸಿಗುತ್ತದೆ ಎಂದು ಕೇಳಿದೆ. ಕಿಟಕಿಯಾಚೆ ಕೂತವನು ನಕ್ಕು ಕಿಟಕಿ ಎಳೆದುಕೊಂಡ. ಮಕ್ಕಳಿಗೆ, ಅಳಿಯಂದಿರಿಗೆ ಎಂದು ಹೊರಗೆ ನಿಂತಿದ್ದ ಕರಿಯನೊಬ್ಬ ಹೇಳಿದ. ಅವನಿಗೂ ಸಿಕ್ಕಿರಲಿಲ್ಲ.

"ಇಲ್ಲೂ ಓಣಿ ಅದಾವ ನೋಡ್ರಿ ಮಾಸ್ತರ," ಅಂದ ರೇವಣಪ್ಪ.

ಚಂದ್ರಮೌಳಿ ಸಿಕ್ಕಿದ್ದು ಕನ್ನಡ ಕೂಟದ ಯುಗಾದಿ ಊಟದಲ್ಲಿ, ಒಂದು ಶಾಲೆಯ ನೆಲಮಾಳಿಗೆಯಲ್ಲಿ. ಮೈಸೂರಿನವನು, ಎಂಜಿನಿಯರು. ಕಂಪನಿ ಕೆಲಸ ಬಿಟ್ಟು ಮನೆ ಕಟ್ಟಿಸುವ ಕಂತ್ರಾಟು ಹಿಡಿದಿದ್ದ. ತಟ್ಟೆ ಹಿಡಿದು ನಮ್ಮ ಎದುರೇ ಕೂತ.

"ಯಾವೂರಯ್ಯಾ ನಿಮ್ದು?"

"ಗದಗಿನ ಹತ್ರ ರೀ," ಅಂದ ರೇವಣಪ್ಪ.

"ಅಂದ್ರೆ ಯಾವ ಪೈಕಿ?"

"ವಡ್ಡರ ರೀ. ಕಲ್ಲು ಒಡಿಯೋರು."

ಚಂದ್ರಮೌಳಿಯ ಮುಖ ಅರಳಿತು. "ಅಯ್ಯೋ, ದೇವ್ರೇ ಕಳಿಸ್ದ ಹಾಗಾಯ್ತು! ಕಲ್ಲು ಕೆಲ್ಸ ನಿಮಗೆ ರಕ್ತದಲ್ಲೇ ಇದೆ." ಯೂನಿಯನ್ ಕೂಲಿಯ ಅರ್ಧಕ್ಕೆ ಅಲ್ಲಿಯೇ ಮಾತು ಮುಗಿಸಿದ. ಆಮೇಲೆ ಪಾಯಸ ಬಂದಾಗ ತಟ್ಟೆ ಎತ್ತಿಕೊಂಡು ಇನ್ನೊಂದು ಸಾಲಿಗೆ ಹೋಗಿ ಕೂತ.

ಮೊದಲ ದೊಡ್ಡ ಕೆಲಸ ಡೆಟ್ರಾಯಿಟ್ ಕಡೆ, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ. ಒಂದು ಕ್ಲಿನಿಕ್ಕಿನ ಗೋಡೆಗಳು. ಎಪ್ಪತ್ತನಾಲ್ಕರ ಬೇಸಿಗೆ. ಅಲ್ಲಿಯೇ ಮೋಟೆಲಿನಲ್ಲಿ ಮಲಗಿ ಕಟ್ಟಿದೆವು. ಕೊನೆಯ ದಿನ ಚಂದ್ರಮೌಳಿ ಕಾರಿನ ಬಾನೆಟ್ಟಿನ ಮೇಲೆ ಒಂದು ಕಾಗದ ಇಟ್ಟ. ಸೈನ್ ಹಾಕ್ಬಿಡಯ್ಯಾ, ಸೋಮವಾರ ಚೆಕ್ ಅಂದ. ರೇವಣಪ್ಪ ಸಹಿ ಹಾಕಿದ. ನಮ್ಮವನ ಮುಂದೆ ನಿಂತು ಚೆಕ್ ಮೊದಲು ಕೊಡಿ ಅನ್ನುವುದು ಹೇಗೆ? ಅದು ಬೈದಂತೆ. ಊರ ಗೌಡನಿಗೂ ಹಾಗನ್ನದೆ ಬೆಳೆದವರು ನಾವು. ಸೋಮವಾರಗಳು ಬಂದವು, ಹೋದವು. ವಕೀಲರೊಬ್ಬರ ಬಳಿ ಹೋದೆವು. ಅವರು ಕಾಗದ ನೋಡಿ ನಮ್ಮನ್ನು ನೋಡಿದರು. ಪೂರ್ತಿ ಹಣ ತಲುಪಿದೆ ಎಂದು ನೀವೇ ಬರೆದುಕೊಟ್ಟಿದ್ದೀರಲ್ಲ, ಅಂದರು.

ಮತ್ತೆ ಅವನ ಜೊತೆಗೇ ಏಕೆ ಹೋದಿರಿ ಎಂದು ಕೇಳುವವರಿದ್ದಾರೆ. ಅವರಿಗೆ ಬೇರೆ ಬಾಗಿಲುಗಳಿರುತ್ತವೆ. ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ ಡಾಕ್ಟರೊಬ್ಬರ ಮನೆ ಮಾಡಿಕೊಡು, ಎರಡರ ಲೆಕ್ಕವೂ ಒಟ್ಟಿಗೆ ಮುಗಿಸ್ತೀನಿ ಎಂದು ಮರುವರ್ಷ ಚಂದ್ರಮೌಳಿ ಹೇಳಿದ. ಹೋದೆವು. ಆದರೆ ಈ ಸಲ ನಾನು ಲೈಬ್ರರಿಗೆ ಹೋಗಿ ಕೂತೆ. ಇಲಿನಾಯ್ ಕಾನೂನಿನ ದಪ್ಪ ಪುಸ್ತಕ ತೆಗೆದು ಓದಿದೆ. ಇತಿಹಾಸದ ಎಂ.ಎ. ಮೊದಲ ಸಲ ಒಂದು ಕೆಲಸಕ್ಕೆ ಬಂತು.

ಡಾಕ್ಟರ್ ಉಪೇಂದ್ರ ಬೆಂಗಳೂರಿನವರು. ನೀಲಮ್ಮ ಕೆಲಸ ಮಾಡುವ ಆಸ್ಪತ್ರೆಯಲ್ಲಿಯೇ ದೊಡ್ಡ ಡಾಕ್ಟರು. ಅವಳ ವಾರ್ಡು ಅವರದೇ. ಮೆಲುಮಾತಿನ ಮನುಷ್ಯ. ಅವರ ಹೊಸ ಮನೆಯ ನೆಲಮಾಳಿಗೆಯ ಗೋಡೆ, ಮುಂದಿನ ಕಲ್ಲುಮುಖ, ಒಳಗಿನ ಬೆಂಕಿಗೂಡು ನಮ್ಮ ಪಾಲಿಗೆ ಬಂದವು. ವಿಸ್ಕಾನ್ಸಿನ್‌ನಿಂದ ಬರುವ ಲ್ಯಾನನ್ ಕಲ್ಲು. ಒಂದೊಂದು ಕಲ್ಲನ್ನೂ ಎದೆಗೆ ಒತ್ತಿ ಹಿಡಿದು ಹಲಗೆ ಹತ್ತಬೇಕು. ಸಂಜೆ ಅಂಗಿ ಬಿಚ್ಚಿದರೆ ಎದೆಯ ಮೇಲೆ ಕೆಂಪು ಗೀರುಗಳು. ಸಿಮೆಂಟಿನ ಸುಣ್ಣ ಕೈ ತಿನ್ನುತ್ತದೆ. ಬೆರಳ ಸಂದು ಬಿರಿಯುತ್ತದೆ. ಬಿರುಕಿನೊಳಗೆ ಮತ್ತೆ ಸಿಮೆಂಟು ಹೋಗುತ್ತದೆ. ಉಪ್ಪಿನಕಾಯಿ ಮುಟ್ಟಿದರೆ ಕಣ್ಣಲ್ಲಿ ನೀರು. ರೇವಣಪ್ಪನ ಎಡಗೈಯ ಹೆಬ್ಬೆರಳ ಉಗುರು ಜುಲೈನಲ್ಲಿ ಕಿತ್ತುಬಂತು. ಅವನು ಬಟ್ಟೆ ಸುತ್ತಿಕೊಂಡು ಕರಣಿ ಹಿಡಿದ.

ಶನಿವಾರ ಡಾಕ್ಟರ ಹೆಂಡತಿ ಶಾರದ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದರು. ಚಂದ್ರಮೌಳಿಗೆ ಸ್ಟೀಲ್ ಲೋಟ. ಇಟಲಿಯ ಬಡಗಿ ಟೋನಿಗೆ ಪಿಂಗಾಣಿ ಮಗ್. ನಮ್ಮಿಬ್ಬರಿಗೆ ಕಾಗದದ ಲೋಟ. ಮೊದಲ ಶನಿವಾರ ನಾನು ಏನೂ ಅಂದುಕೊಳ್ಳಲಿಲ್ಲ. ಈ ದೇಶದಲ್ಲಿ ಎಲ್ಲರೂ ಕಾಗದದಲ್ಲಿ ಕುಡಿಯುತ್ತಾರೆ. ಮುಂದಿನ ವಾರ ಟೋನಿ ಬಂದಿರಲಿಲ್ಲ. ಮಗ್ ಹಾಗೇ ಇತ್ತು. ನಮಗೆ ಕಾಗದವೇ ಬಂತು. ಊರಲ್ಲಾಗಿದ್ದರೆ ತೆಂಗಿನ ಚಿಪ್ಪು ಕೊಡುತ್ತಿದ್ದರು. ಚಿಪ್ಪನ್ನು ತೋರಿಸಿ ನೋಡಿ ಅನ್ನಬಹುದಿತ್ತು. ಕಾಗದದ ಲೋಟವನ್ನು ಯಾರಿಗೆ ತೋರಿಸುವುದು?

ರೇವಣಪ್ಪ ಕಾಫಿ ಕುಡಿದು, ಲೋಟ ಮುದುರಿ, ತಾನು ಕಟ್ಟುತ್ತಿದ್ದ ಸಿಮೆಂಟ್ ಇಟ್ಟಿಗೆಯ ಪೊಳ್ಳಿನೊಳಗೆ ತುರುಕಿ ಮೇಲೆ ಗಾರೆ ಎಳೆದ.

"ಏನೋ ಅದು?"

"ಅವರ ಕಾಫಿ ಅವರ ಮನಿಯಾಗ ಇರ್ಲಿ ಬಿಡ್ರಿ ಮಾಸ್ತರ."

ಆ ಮನೆಯ ನೆಲಮಾಳಿಗೆಯ ಗೋಡೆಯಲ್ಲಿ ಒಂದು ಬೇಸಿಗೆಯಷ್ಟು ಕಾಗದದ ಲೋಟಗಳಿವೆ.

ಆಗಸ್ಟಿನಲ್ಲಿ ದೇವರ ಕೋಣೆಗೆ ಕಲ್ಲಿನ ಪೀಠ ಬೇಕು ಅಂದರು. ಅದು ಕರಾರಿನಲ್ಲಿ ಇರಲಿಲ್ಲ. ಅಳತೆ ಹೇಳಲು ಶೇಷಗಿರಿ ಬಂದರು. ಅವರು ಪೇಟೆಯ ಆಫೀಸೊಂದರಲ್ಲಿ ಅಕೌಂಟೆಂಟ್. ಶಿಕಾಗೋದಲ್ಲಿ ಆಗ ಪುರೋಹಿತರು ಯಾರೂ ಇರಲಿಲ್ಲ. ಮಂತ್ರ ಬರುತ್ತಿದ್ದ ಶೇಷಗಿರಿಯೇ ಭಾನುವಾರಗಳ ಪುರೋಹಿತ. ರೇವಣಪ್ಪ ಮೊಣಕಾಲೂರಿ ಆ ಕಲ್ಲನ್ನು ಕೆತ್ತಿದ. ಉಳಿಯ ಪುಡಿ ಗಂಟಲಿಗೆ ಹೋಗಿ ಕೆಮ್ಮಿದ. ಅಂಚಿಗೆ ಒಂದು ಸಣ್ಣ ಬಳ್ಳಿ ಎಳೆದ. ಅದನ್ನು ಯಾರೂ ಕೇಳಿರಲಿಲ್ಲ. ಮುಗಿದ ದಿನ ಶೇಷಗಿರಿ ಬಾಗಿ ನೋಡಿದರು. ನಮ್ಮೆದುರೇ ಶಾರದ ಅವರಿಗೆ ಹೇಳಿದರು:

"ಕೆಲ್ಸ ಚೆನ್ನಾಗಿ ಬಂದಿದೆ. ಪುಣ್ಯಾಹ ಒಂದು ಮಾಡಿಬಿಟ್ರೆ ಎಲ್ಲಾ ಸರಿಹೋಗುತ್ತೆ. ಇನ್ನು ಇವರನ್ನ ಈ ಕಡೆ ಬಿಡ್ಬೇಡಿ."

ರೇವಣಪ್ಪ ಉಳಿಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡ.

ಸೆಪ್ಟೆಂಬರ್ ಕೊನೆಗೆ ಕೆಲಸ ಮುಗಿಯಿತು. ನಡುವಿನ ಕಂತುಗಳಿಗೆಲ್ಲ ಕಾಗದ ಕೊಟ್ಟಿದ್ದೆವು. ಪ್ರತಿ ಕಂತಿನಲ್ಲೂ ಚಂದ್ರಮೌಳಿ ಒಂದು ಪಾಲು ಹಿಡಿದುಕೊಂಡಿದ್ದ. ಕೊನೆಗೆ ಒಟ್ಟಿಗೆ ಕೊಡುವ ಮಾತು. ಬೇಸಿಗೆಯ ದುಡಿಮೆಯಲ್ಲಿ ನಮ್ಮ ಕೈಗೆ ಉಳಿಯಬೇಕಾದದ್ದು ಅದೇ ಪಾಲು. ಅದರ ಜೊತೆಗೆ ಪೀಠದ್ದು. ಅವನು ಒಂದು ಬೆಳಿಗ್ಗೆ ಕೊನೆಯ ವೇವರ್ ಟೈಪ್ ಮಾಡಿಸಿಯೇ ತಂದ. ನನ್ನ ಕೈಗೆ ಕೊಡದೆ ನೇರ ರೇವಣಪ್ಪನ ಕೈಗೆ ಕೊಟ್ಟ.

"ಮಾಸ್ತರ ಓದ್ಲಿ ರೀ," ಅಂದ ರೇವಣಪ್ಪ.

ಓದಿದೆ. ಪೂರ್ತಿ ಹಣ ತಲುಪಿದೆ, ಈ ಮನೆಯ ಮೇಲಿನ ಎಲ್ಲ ಹಕ್ಕು ಬಿಟ್ಟಿದ್ದೇನೆ ಎಂದಿತ್ತು.

"ಚೆಕ್ ತರ್ರಿ," ಅಂದ ರೇವಣಪ್ಪ.

"ಈ ಕಾಗದ ಕೊಟ್ರೆ ತಾನೇ ಬ್ಯಾಂಕು ಕೊನೇ ಕಂತು ಬಿಡೋದು? ಬಿಟ್ಟಮೇಲೆ ತಾನೇ ನಿನಗೆ? ಅಷ್ಟೂ ನಂಬಿಕೆ ಇಲ್ವೇನಯ್ಯಾ? ನಾವು ನಾವೇ ಹಿಂಗೆ ಪೇಪರ್ ಹಿಡ್ಕೊಂಡು ಕೂತ್ರೆ ಬಿಳಿಯರಿಗೂ ನಮಗೂ ಏನ್ ವ್ಯತ್ಯಾಸ?"

"ಸ್ಟರ್ಲಿಂಗ್ ಹೈಟ್ಸ್‌ನ್ಯಾಗೂ ನಾವು ನಾವೇ ಇದ್ವಿ ರೀ."

ಚಂದ್ರಮೌಳಿಗೆ ಸಿಟ್ಟು ಬಂತು. ನನ್ನ ಕಡೆ ತಿರುಗಿದ. "ಇದೆಲ್ಲ ನೀನು ತಲೆಗೆ ತುಂಬ್ತಿರೋದು ಬಾಲು. ಎಂ.ಎ. ಓದಿ ಮಣ್ಣು ಹೊರೋನಿಗೆ ಹೊಟ್ಟೆಯುರಿ ಇದ್ದೇ ಇರುತ್ತೆ."

ಇದ್ದದ್ದು ನಿಜ. ನಾನು ಗಾರೆಯ ಬಾಂಡ್ಲಿ ತೊಳೆಯುತ್ತಲೇ ಇದ್ದೆ.

ಎರಡು ದಿನ ಬಿಟ್ಟು ಫೋನು ಬಂತು. ಚಂದ್ರಮೌಳಿಯ ದನಿ ಬೆಣ್ಣೆಯಾಗಿತ್ತು. ಶನಿವಾರ ಗೃಹಪ್ರವೇಶ. ಮೇಸ್ತ್ರಿಗೆ ಬಟ್ಟೆ ಕೊಟ್ಟು ಕಳಿಸಬೇಕೆಂದು ಶಾರದ ಅವರ ಆಸೆ. ಇಬ್ಬರೂ ಬನ್ನಿ. ಅಲ್ಲಿಯೇ ಎಲ್ಲ ಮುಗಿಸೋಣ.

ಅದು ನಮ್ಮ ಕಡೆಯೂ ಇರುವ ಪದ್ಧತಿ. ಮನೆ ಮುಗಿದ ದಿನ ಯಜಮಾನ ಗೌಂಡಿಗೆ ಧೋತರ, ಟವಲು, ಎಲೆ ಅಡಿಕೆ ಇಟ್ಟು ಆಯೇರಿ ಮಾಡುತ್ತಾನೆ. ಗೌಂಡಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು 'ಮನಿ ನಿಮ್ಮದಾತ್ರಿ' ಅನ್ನಬೇಕು. ಅಂದ ಮೇಲೆ ಗೌಂಡಿ ಹೊಸ್ತಿಲು ದಾಟಿ ಹೊರಗೆ. ಯಜಮಾನ ಒಳಗೆ.

"ಅದನ್ನ ಅನ್ನೋ ತನಕ?" ಎಂದು ಕೇಳಿದೆ.

"ಅಲ್ಲೀ ತನಕ ಮನಿ ಗೌಂಡಿದು," ಅಂದ ರೇವಣಪ್ಪ. "ನಮ್ಮಪ್ಪ ಒಂದ್ಸಲ ಅನ್ಲೇ ಇಲ್ಲ. ಕೂಲಿ ಬಾಕಿ ಇಟ್ಟಿದ್ರು. ಮೂರು ದಿನ ಅವರ ಪಡಸಾಲ್ಯಾಗ ಕುಂತಾ. ಕಡೀಕ ಬಡದು ಕಳಿಸಿದ್ರು."

ಅಂದು ಸಂಜೆ ನಾನೊಂದು ಕಾಗದ ಟೈಪ್ ಮಾಡಿದೆ. ಇದೂ ಕೊನೆಯ ವೇವರೇ. ಒಂದು ಸಾಲು ಮಾತ್ರ ಹೆಚ್ಚು: ಚೆಕ್ಕು ಬ್ಯಾಂಕಿನಲ್ಲಿ ಪಾಸಾದ ಮೇಲೆಯೇ ಹಕ್ಕು ಬಿಟ್ಟಂತೆ.

ಶುಕ್ರವಾರ ಬೆಳಿಗ್ಗೆ ನಾನು ಕೆಳಗೆ ರೇವಣಪ್ಪನ ಮನೆಯಲ್ಲಿದ್ದೆ. ನೀಲಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಬಿಳಿ ಬೂಟು ಬಿಚ್ಚುತ್ತಿದ್ದಳು. ಫೋನು ಬಡಿಯಿತು. ಶಾರದ ಅವರ ದನಿ ನನಗೂ ಕೇಳುತ್ತಿತ್ತು.

"ಈಗ ಬಂದ್ಯೇನಮ್ಮ ನೀಲಮ್ಮ? ನಿಮ್ಮ ಯಜಮಾನರಿಗೆ ಸ್ವಲ್ಪ ಬುದ್ಧಿ ಹೇಳಮ್ಮ. ಒಂದು ಸೈನ್ ತಾನೇ? ಸೋಮವಾರ ಬ್ಯಾಂಕಿಗೆ ಕೊಡ್ದಿದ್ರೆ ನಮಗೆ ಬಡ್ಡಿ ಏರುತ್ತೆ. ಡಾಕ್ಟ್ರು ನಿನ್ನ ಶಿಫ್ಟ್ ವಿಷ್ಯ ಬೇರೆ ಮಾತಾಡ್ಬೇಕು ಅಂತಿದ್ರು."

"ಹೇಳ್ತೀನ್ರಿ ಮೇಡಂ," ಅಂದಳು ನೀಲಮ್ಮ. ಫೋನು ಇಟ್ಟಳು. ಬೂಟಿನ ದಾರ ಬಿಚ್ಚುವುದನ್ನು ಮುಂದುವರಿಸಿದಳು.

"ಏನಂತ?" ಕೇಳಿದ ರೇವಣಪ್ಪ.

"ಕೆಲ್ಸ ಕಿತ್ಕೋತಾರಂತ. ಹಂಗಂದಿಲ್ಲ. ಭಾಳ ಚಂದಾಗಿ ಅಂದ್ರು."

"ನೀ ಏನಂತಿ?"

"ನಾ ಏನನ್ಲಿ? ರಾತ್ರಿ ಎಲ್ಲಾ ಅವರ ರೋಗಿಗಳ ಹೇಲು ಬಳದು ಬಂದೀನಿ. ಕಿತ್ಕೊಂಡ್ರ ಕಿತ್ಕೊಳ್ಳಿ. ಬ್ಯಾರೆ ಆಸ್ಪತ್ರ್ಯಾಗ ರೋಗಿಗಳು ಹೇಲೂದಿಲ್ಲೇನು?"

ನಾವು ಮೂವರೂ ನಕ್ಕೆವು. ನಗು ಬೇಗ ಮುಗಿಯಿತು. ಬಾಡಿಗೆ ಕಟ್ಟುತ್ತಿದ್ದದ್ದು ಅವಳ ಸಂಬಳ. ರೇವಣಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತ. ಅವನು ಸಹಿ ಹಾಕುತ್ತಾನೋ ಇಲ್ಲವೋ ಆಗ ನನಗೆ ಗೊತ್ತಾಗಲಿಲ್ಲ.

ಶನಿವಾರ ಚಳಿ ಶುರುವಾಗಿತ್ತು. ನಲವತ್ತು ಡಿಗ್ರಿ ಫ್ಯಾರನ್‌ಹೀಟ್. ಡಾಕ್ಟರ ಮನೆಯ ಮುಂದಿನ ಬಾಗಿಲಿಗೆ ಮಾವಿನ ಎಲೆಯ ಬದಲು ಪ್ಲಾಸ್ಟಿಕ್ ತೋರಣ. ರಸ್ತೆ ತುಂಬ ಕಾರು. ರೇವಣಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬಾಗಿಲಲ್ಲಿ ಚಂದ್ರಮೌಳಿ ಅಡ್ಡ ಬಂದ.

"ಇಲ್ಲಿ ಜನ ಜಾಸ್ತಿ. ನೀವು ಗರಾಜ್ ಕಡೆ ಬನ್ನಿ. ಅಲ್ಲೇ ಏರ್ಪಾಡು."

ಗರಾಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಒಂದು ಮಡಿಸುವ ಮೇಜು ಹಾಕಿದ್ದರು. ಮೇಲೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಧೋತರ, ಟವಲು, ತೆಂಗಿನಕಾಯಿ, ಎಲೆ ಅಡಿಕೆ. ಧೋತರದ ಕೆಳಗಿನಿಂದ ಒಂದು ಕಾಗದದ ಅಂಚು ಕಾಣುತ್ತಿತ್ತು. ಪಕ್ಕದಲ್ಲಿ ಮನೋಹರ್ ನಿಂತಿದ್ದ. ಇನ್ಶೂರೆನ್ಸ್ ಮಾರುವವನು, ನೋಟರಿಯೂ ಹೌದು. ಅವನ ಕೈಯಲ್ಲಿ ಮುದ್ರೆಯ ಪೆಟ್ಟಿಗೆ. ಒಳಗಿನ ಬಾಗಿಲಿನಿಂದ ಶಾರದ ಬಂದರು. ಹಿಂದೆ ಶೇಷಗಿರಿ, ಅವರ ಹಿಂದೆ ರೇಷ್ಮೆ ಸೀರೆಯ ಕೆಲವರು. ಮೇಸ್ತ್ರಿಗೆ ಬಟ್ಟೆ ಕೊಡುವುದನ್ನು ಅಮೆರಿಕಾದಲ್ಲಿ ನೋಡಿರಲಿಲ್ಲವೆಂದು ಒಬ್ಬಾಕೆ ಕ್ಯಾಮೆರಾ ತೆಗೆದರು.

"ತಗೋಪ್ಪ," ಎಂದರು ಶಾರದ. ತಟ್ಟೆಯನ್ನು ಎತ್ತಿಕೊಡಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ಅವನತ್ತ ಸರಿಸಿದರು.

ರೇವಣಪ್ಪ ಧೋತರದ ಕೆಳಗಿನ ಕಾಗದ ಎಳೆದು ನನಗೆ ಕೊಟ್ಟ. ಅದೇ ವೇವರ್. ಅಕ್ಷರ ಬದಲಾಗಿರಲಿಲ್ಲ.

"ಚೆಕ್ ಎಲ್ಲೈತ್ರಿ?"

ಚಂದ್ರಮೌಳಿ ನಕ್ಕ. "ಮಂಗಳ ಕಾರ್ಯದಲ್ಲಿ ದುಡ್ಡಿನ ಮಾತಾಡ್ತಾರೇನಯ್ಯಾ? ಮೊದ್ಲು ಬಟ್ಟೆ ತಗೊಂಡು ಒಂದು ಒಳ್ಳೆ ಮಾತು ಹೇಳು. ಸೈನ್ ಹಾಕು. ಸೋಮವಾರ..."

"ಸೋಮವಾರ ಬ್ಯಾಡ್ರಿ."

"ಮುಹೂರ್ತ ಮೀರ್ತಾ ಇದೆ," ಅಂದರು ಶೇಷಗಿರಿ. "ಕೆಲಸದವನು ಮುನಿಸ್ಕೊಂಡು ನಿಂತ್ರೆ ಮನೆಗೆ ಒಳ್ಳೇದಲ್ಲ. ಬೇಗ ಹೇಳಿಸಿ ಕಳಿಸಿ."

"ನಾ ಹೇಳಂಗಿಲ್ಲ ರೀ," ಅಂದ ರೇವಣಪ್ಪ.

ಅವನ ದನಿ ಏರಲಿಲ್ಲ. ತಟ್ಟೆಯನ್ನು ಬೆರಳಿನಿಂದಲೇ ಹಿಂದಕ್ಕೆ ಸರಿಸಿದ. ಗರಾಜಿನಿಂದ ಹೊರಗೆ ಹೋದ. ಹೊರಟೇ ಹೋದ ಅಂದುಕೊಂಡರು. ಅವನು ಮನೆಯ ಮುಂದಿನ ಬಾಗಿಲಿಗೆ ಹೋಗಿ ಬೂಟು ಬಿಚ್ಚಿದ. ಬಲಗಾಲು ಇಟ್ಟು ಒಳಗೆ ಬಂದ. ನಾನು ಹಿಂದೆಯೇ ಹೋದೆ. ಹೆಂಗಸರು ಸೆರಗು ಎಳೆದುಕೊಂಡು ಎರಡು ಪಕ್ಕಕ್ಕೆ ಸರಿದರು. ದೊಡ್ಡ ಕೋಣೆಯಲ್ಲಿ ತಾನು ಕಟ್ಟಿದ ಬೆಂಕಿಗೂಡಿನ ಮುಂದಿನ ಕಲ್ಲಿನ ಮೇಲೆ ಅವನು ಕೂತ. ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡ.

ಅಡುಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿತು. ಯಾರೋ ಹೋಗಿ ಆರಿಸಿದರು.

"ಏಯ್, ಏಳಯ್ಯಾ ಮೇಲೆ!" ಚಂದ್ರಮೌಳಿ ಓಡಿ ಬಂದ. "ಯಾರು ನಿನ್ನ ಒಳಗೆ ಕರ್ದಿದ್ದು?"

"ನಾ ಇನ್ನೂ ಹೊರಗ ಹೋಗಿಲ್ರಿ," ಅಂದ ರೇವಣಪ್ಪ. "ಆಯೇರಿ ತಗೊಂಡಿಲ್ಲ. ಕಾಗದಕ್ಕ ಸಹಿ ಹಾಕಿಲ್ಲ. ಪೂಜಿ ಮಾಡ್ರಿ. ನಾ ಬ್ಯಾಡ ಅಂದೀನೇನು?"

ಶೇಷಗಿರಿ ದೇವರ ಕೋಣೆಯ ಬಾಗಿಲಲ್ಲಿ ಕೈಯಲ್ಲಿದ್ದ ಕಲಶ ಕೆಳಗಿಟ್ಟರು. ಇವನಿರುವಾಗ ಆಗುವುದಿಲ್ಲ ಎಂದರು. ಗಟ್ಟಿಯಾಗಿಯೇ ಅಂದರು. ಅದನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಅಂದದ್ದು ಅದೇ ಮೊದಲು.

ಡಾಕ್ಟರ್ ಉಪೇಂದ್ರ ಪಂಚೆಯುಟ್ಟು ಮಹಡಿಯಿಂದ ಇಳಿದು ಬಂದರು. "ಏನಿದು ಚಂದ್ರಮೌಳಿ? ಎಲ್ಲಾ ಸೆಟಲ್ ಆಗಿದೆ ಅಂದಿದ್ರಿ."

"ಆಗ್ತಾ ಇದೆ ಡಾಕ್ಟ್ರೇ. ಇವನು ಸುಮ್ನೆ..."

ಡಾಕ್ಟರು ನನ್ನನ್ನು ನೋಡಿದರು. "ನೀವು ಓದಿದವರು ಅಂತ ಕೇಳಿದೀನಿ. ನೀವಾದ್ರೂ ಅವರಿಗೆ ತಿಳಿಸಿ ಹೇಳಿ."

"ಅವನಿಗೆ ತಿಳಿದೈತ್ರಿ," ಅಂದೆ. "ನಿಮಗೆ ಹೇಳ್ತೀನಿ."

ಧೋತರದ ಕೆಳಗಿದ್ದ ಆ ಕಾಗದವನ್ನು ಕನ್ನಡದಲ್ಲಿ ಓದಿದೆ. ಇಂಗ್ಲಿಷಿನಲ್ಲಿ ಅದು ಬ್ಯಾಂಕಿನ ಮಾತು. ಕನ್ನಡದಲ್ಲಿ ಅಂಥ ಮಾತಿಗೆ ಮರೆ ಇರುವುದಿಲ್ಲ. 'ನನಗೆ ಬರಬೇಕಾದ ಹಣವೆಲ್ಲ ಬಂದಿದೆ. ಈ ಮನೆಯ ಮೇಲೆ, ಈ ನೆಲದ ಮೇಲೆ, ನಾನು ಹಾಕಿದ ದುಡಿಮೆಯಿಂದ ನನಗಿರುವ, ಮುಂದೆ ಬರಬಹುದಾದ ಎಲ್ಲ ಹಕ್ಕನ್ನೂ ನನ್ನ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ.' ಓದಿ ಮುಗಿಸಿದೆ. ಬಂದಿಲ್ಲ ಅಂದೆ. ಪೀಠದ್ದು ಒಂದು ಕಾಸೂ ಬಂದಿಲ್ಲ ಅಂದೆ. ಹಿಡಿದುಕೊಂಡ ಪಾಲು ಎಷ್ಟೆಂದೂ ಹೇಳಿದೆ. ಡಾಕ್ಟರ ಮುಖ ಬಿಗಿಯಿತು. ಅವರು ಚಂದ್ರಮೌಳಿಯ ಕಡೆ ನೋಡಿದರು. ಅವನು ಪ್ಲಾಸ್ಟಿಕ್ ತೋರಣ ನೋಡುತ್ತಿದ್ದ.

ಅವರು ಕೆಟ್ಟವರಲ್ಲ ಎಂದು ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ. ಇರಬಹುದು. ಮೇಲೆ ಹೋಗಿ ಚೆಕ್ ಪುಸ್ತಕ ತಂದರು. "ನಿಮ್ಮ ಕೊನೇ ಕಂತಿನಲ್ಲಿ ಇದನ್ನ ಕಟ್ ಮಾಡ್ತೀನಿ ಚಂದ್ರಮೌಳಿ," ಎಂದು ನಿಂತಲ್ಲೇ ಬರೆದರು. ಪೂರ್ತಿ ಬರೆದರು. ಪೀಠದ್ದೂ ಸೇರಿಸಿದರು. ಸ್ಟರ್ಲಿಂಗ್ ಹೈಟ್ಸ್‌ನದು ಯಾರಿಗೂ ಬರೆಯಲಾಗದು. ಅದಕ್ಕೆ ಸಹಿ ಬಿದ್ದಿತ್ತು.

ಚೆಕ್ಕಿನ ತುದಿ ಎರಡು ಬೆರಳಲ್ಲಿ ಹಿಡಿದು ಚಾಚಿದರು. ರೇವಣಪ್ಪ ಎದ್ದು ನಿಂತ. ಚೆಕ್ಕನ್ನು ತೆಗೆದುಕೊಂಡ. ಜೊತೆಗೆ ಡಾಕ್ಟರ ಕೈಯನ್ನೂ ತನ್ನ ಎರಡು ಕೈಗಳಲ್ಲಿ ಹಿಡಿದ. ನಮ್ಮ ಕಡೆ ಹಾಗೆಯೇ ಹಿಡಿಯುವುದು. ಅವನ ಕೈಯ ಬಿರುಕುಗಳಲ್ಲಿ ಸಿಮೆಂಟು ಇನ್ನೂ ಇತ್ತು. ಅದು ತೊಳೆದರೆ ಹೋಗುವುದಿಲ್ಲ.

"ಮನಿ ಚಲೋ ಬಂದೈತ್ರಿ ಡಾಕ್ಟ್ರ," ಅಂದ. "ನಾಕ ಕಾಲ ಇದ್ದು ಬಾಳ್ರಿ."

ಮನಸ್ಸಿಟ್ಟು ಅಂದ. ನನಗೆ ಗೊತ್ತು. ಆ ಬೇಸಿಗೆಯಲ್ಲಿ ಅವನು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಡಾಕ್ಟರು ತಲೆಯಾಡಿಸಿದರು. ಕೈ ಬಿಡಿಸಿಕೊಂಡರು. ಪಕ್ಕದ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಜೇಬಿನಿಂದ ನನ್ನ ಕಾಗದ ತೆಗೆದು ಬೆಂಕಿಗೂಡಿನ ಕಲ್ಲಿನ ಮೇಲೆ ಹಾಸಿದೆ. ಮನೋಹರ್ ಓದಿ, ಸರಿಯಾಗಿದೆ ಅಂದ. ಪೆನ್ನು ಕೊಟ್ಟ. ರೇವಣಪ್ಪ ಬಗ್ಗಿದ.

ಬಚ್ಚಲಲ್ಲಿ ನಲ್ಲಿ ತಿರುಗಿದ ಸದ್ದು.

ನೀರು ಬೀಳುತ್ತಲೇ ಇತ್ತು. ಸೋಪು ಜಾರಿ ಬಿದ್ದದ್ದು ಕೇಳಿಸಿತು. ಎತ್ತಿಕೊಂಡದ್ದೂ ಕೇಳಿಸಿತು. ಮತ್ತೆ ನೀರು. ಆ ಕೋಣೆಯಲ್ಲಿದ್ದ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ರೇವಣಪ್ಪನ ಪೆನ್ನಿನ ಮೊನೆ ಕಾಗದದಿಂದ ಒಂದು ಬೆರಳು ಮೇಲೆ ನಿಂತಿತ್ತು.

"ಡಾಕ್ಟ್ರಿಗೆ ಅಭ್ಯಾಸ," ಅಂದರು ಶಾರದ. "ಆಸ್ಪತ್ರೆ ಅಭ್ಯಾಸ. ಯಾವಾಗ್ಲೂ ತೊಳೀತಾನೇ ಇರ್ತಾರೆ."

ಯಾರೂ ಅವರನ್ನು ಕೇಳಿರಲಿಲ್ಲ.

ರೇವಣಪ್ಪ ಪೆನ್ನಿನ ಮುಚ್ಚಳ ಹಾಕಿದ. ಮನೋಹರನಿಗೆ ಕೊಟ್ಟ. ಚೆಕ್ಕನ್ನು ಕಲ್ಲಿನ ಮೇಲಿಟ್ಟ. ಹಾರಿಹೋಗದಂತೆ ಅದರ ಮೇಲೆ ಯಾರೋ ಬಿಟ್ಟಿದ್ದ ಬೆಂಕಿಪೊಟ್ಟಣ ಇಟ್ಟ.

"ಮಾಸ್ತರ, ಆ ಕಾಗದ ಹರೀರಿ."

ಹರಿದೆ. ನನ್ನದನ್ನೂ, ಚಂದ್ರಮೌಳಿಯದನ್ನೂ.

ನೀರು ನಿಂತಿತು. ಡಾಕ್ಟರು ಹೊಸ ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಆಯ್ತಾ?" ಎಂದು ಕೇಳಿದರು.

"ಇಲ್ರಿ," ಅಂದ ರೇವಣಪ್ಪ.

ಚಂದ್ರಮೌಳಿ ನಮ್ಮ ಹಳೆಯ ಟ್ರಕ್ಕಿನ ತನಕ ಓಡಿ ಬಂದ. ಅವನ ಶಲ್ಯ ಜಾರಿ ಹುಲ್ಲಿನ ಮೇಲೆ ಬಿತ್ತು. "ದುಡ್ಡು ಕೈಗೆ ಬಂತಲ್ಲಯ್ಯಾ! ಪೂರ್ತಿ ಬಂತು! ಇನ್ನೇನ್ ಬೇಕು ನಿಂಗೆ? ಏನ್ ಬೇಕು ಹೇಳು!"

ರೇವಣಪ್ಪ ಟ್ರಕ್ ಹತ್ತಿ ಕೂತ. ಕಿಟಕಿಯ ಗಾಜು ಏರಿಸಿದ.

ಭಾನುವಾರ ಹೆಡ್ ನರ್ಸ್ ಫೋನು ಮಾಡಿದಳು. ನೀಲಮ್ಮನ ಹೆಸರು ಆ ವಾರ್ಡಿನ ಪಟ್ಟಿಯಲ್ಲಿ ಇರುವುದಿಲ್ಲ. ಬೇರೆ ಕಡೆ ಜಾಗ ಆದಾಗ ತಿಳಿಸುತ್ತಾರೆ. ನೀಲಮ್ಮ ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ರೇವಣಪ್ಪ ಶನಿವಾರದ್ದೆಲ್ಲ ಅವಳಿಗೆ ಹೇಳಿದ್ದ, ಚೆಕ್ಕು ಬಿಟ್ಟುಬಂದದ್ದನ್ನೂ. ಅವಳು ಗಂಡನಿಗೆ ಒಂದು ಮಾತು ಅನ್ನಲಿಲ್ಲ. ಅವನಿಗೆ ಬೈಸಿಕೊಳ್ಳಬೇಕೆನಿಸಿತ್ತು. ಬಹಳ ಹೊತ್ತಾದ ಮೇಲೆ ಅವಳು ರೊಟ್ಟಿ ಬಡಿಯುತ್ತಾ ಬೆನ್ನು ತಿರುಗಿಸಿಕೊಂಡೇ ಕೇಳಿದಳು:

"ಎಷ್ಟೊತ್ತು ತೊಳಕೊಂಡ್ರು?"

ಅವಳು ಆ ರೊಟ್ಟಿಯನ್ನು ಹರಿಯುವ ತನಕ ಬಡಿದಳು.

ಅದೇ ಅಡುಗೆಮನೆಯ ಮೇಜಿನ ಮೇಲೆ ನಾನು ಮೂರನೆಯ ಕಾಗದ ಟೈಪ್ ಮಾಡಿದೆ. ಇದು ಹಕ್ಕು ಬಿಡುವುದಲ್ಲ, ಹಿಡಿಯುವುದು. ಮನೆಯ ವಿಳಾಸ, ಯಜಮಾನನ ಹೆಸರು, ಕೆಲಸದ ವಿವರ. ಹಕ್ಕುದಾರನ ಹೆಸರಿನ ಜಾಗಕ್ಕೆ ಬಂದು ನಿಲ್ಲಿಸಿದೆ. ಇದುವರೆಗಿನ ಕಾಗದಗಳಲ್ಲೆಲ್ಲ ಆರ್. ಮೇಸನ್ರಿ ಎಂದು ಹಾಕುತ್ತಿದ್ದೆವು. ಹೆಸರು ಸಣ್ಣದಿದ್ದರೆ ಇಲ್ಲಿಯವರಿಗೆ ಸುಲಭ ಎಂದು ಚಂದ್ರಮೌಳಿ ಹೇಳಿದ್ದ.

"ಪೂರಾ ಹಾಕ್ರಿ," ಅಂದ ರೇವಣಪ್ಪ. "ಅಡ್ಡಹೆಸರು ಹಿಡದು."

ಸೋಮವಾರ ಬೆಳಿಗ್ಗೆ ಪೇಟೆಗೆ ರೈಲು ಹಿಡಿದೆವು. ಹಕ್ಕಿನ ಕಾಗದ ದಾಖಲಿಸುವ ಕೌಂಟಿ ಕಟ್ಟಡ, ಅದರ ಉದ್ದನೆಯ ಹಜಾರ. ಸಾಲಿನಲ್ಲಿ ವಕೀಲರ ಗುಮಾಸ್ತರೇ ಹೆಚ್ಚು. ನಮ್ಮ ಸರದಿ ಬಂತು. ಕಿಟಕಿಯ ಹಿಂದಿನ ಹೆಂಗಸು ಕಾಗದ ಮೇಲೆ ಕೆಳಗೆ ನೋಡಿದಳು. ಕನ್ನಡಕ ಸರಿಮಾಡಿಕೊಂಡು, ಕೊನೆಯ ಹೆಸರು ಯಾವುದು, ಪುಸ್ತಕದಲ್ಲಿ ಯಾವುದರ ಕೆಳಗೆ ಬರೆಯಲಿ ಎಂದು ಕೇಳಿದಳು.

ಹೇಳಲು ನಾನು ಬಾಯಿ ತೆರೆದೆ. ರೇವಣಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಕಿಟಕಿಗೆ ಮುಖವಿಟ್ಟ.

"ವಡ್ಡರ," ಅಂದ.

ಅವಳಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು ಅಂದಳು.

ಅವನು ಹೇಳಿದ. ಹಜಾರದ ಆಚೆ ತುದಿಯಲ್ಲಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ. ಅವಳು ಬರೆದುಕೊಂಡಳು. ಮುದ್ರೆ ಎತ್ತಿ ಹೊಡೆದಳು.